ಡೈವೋರ್ಸ್ ಕೇಸಿಗೆ ಮಡಿಕೇರಿ ವಕೀಲರು ಸಾಕಾ, ಬೆಂಗಳೂರಿನವರೇ ಬೇಕಾ?

ಪ್ರಶ್ನೆ: ನನಗೆ 37 ವರ್ಷ. ಗೋಣಿಕೊಪ್ಪದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ 12 ವರ್ಷ ಆಯಿತು. ಗಂಡನ ಮನೆ ನಾಪೋಕ್ಲು ಕಡೆ. ಒಕ್ಕದ, ಅಂದರೆ ಕೂಡು ಮನೆತನದ, ಕಾಫಿ ತೋಟ ಇದೆ. ಜಗಳ ಮಿತಿಮೀರಿ 14 ತಿಂಗಳ ಹಿಂದೆ 9 ವರ್ಷದ ಮಗಳನ್ನು ಕರೆದುಕೊಂಡು ತಾಯಿಮನೆಗೆ ಬಂದೆ. ಈಗ ಮಡಿಕೇರಿ ಕೋರ್ಟಿನಿಂದ ನೋಟಿಸ್ ಬಂದಿದೆ. ನಾನು ಕ್ರೌರ್ಯ ಮಾಡಿದೆ, ಗಂಡನನ್ನು ತೊರೆದು ಹೋದೆ ಎಂದು ಹೇಳಿ ಅವರು ವಿಚ್ಛೇದನ ಕೇಳಿದ್ದಾರೆ. ಬೇರೆಯಾಗುವುದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಈ ಸುಳ್ಳುಗಳನ್ನೆಲ್ಲ ಒಪ್ಪಿಕೊಂಡು ಬರಿಗೈಯಲ್ಲಿ ಹೋಗಲಾರೆ. ಯಾವ ವಕೀಲರನ್ನು ಹಿಡಿಯುವುದು ಎಂದೇ ಗೊತ್ತಾಗುತ್ತಿಲ್ಲ. ಮಡಿಕೇರಿಯಲ್ಲಿ ಎಲ್ಲರಿಗೂ ಗಂಡನ ಮನೆಯವರ ಪರಿಚಯ. ಬೆಂಗಳೂರಿನ ದೊಡ್ಡ ವಕೀಲರನ್ನೇ ಇಡು ಎಂದು ಚಿಕ್ಕಪ್ಪ ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬರು ಆರು ತಿಂಗಳಲ್ಲಿ ಮುಗಿಸುತ್ತೇನೆ, ಈಗ ಫೀಸ್ ಬೇಡ, ಸಿಗುವ ಜೀವನಾಂಶದಲ್ಲಿ ಶೇ. 20 ಕೊಡಿ ಅಂದರು. ಸರ್ಕಾರದ ಉಚಿತ ವಕೀಲರಿಂದ ಏನೂ ಆಗಲ್ಲ ಎನ್ನುತ್ತಾರೆ. ಮನೆಯ ಹಿರಿಯರು ಕೋರ್ಟೇ ಬೇಡ, ಛಾಪಾ ಕಾಗದದಲ್ಲಿ ಬರೆದು ಮುಗಿಸಿಕೊಳ್ಳಿ ಎನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ, ದಕ್ಷಿಣ ಕೊಡಗು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಊರಿನ ವಕೀಲರು ಗಂಡನ ಕಡೆಗೆ ವಾಲಬಹುದು ಎಂಬುದು ಒಂದು. ಹೊರಗಿನವರನ್ನು ತಂದರೆ ದುಡ್ಡು ಸಾಲದು ಎಂಬುದು ಇನ್ನೊಂದು. ಸುಮ್ಮನಿದ್ದರೆ ಸುಳ್ಳು ನಿಂತುಬಿಡುತ್ತದೆ ಎಂಬುದು ಮೂರನೆಯದು. ಇವುಗಳಲ್ಲಿ ಮೂರನೆಯದು ಮಾತ್ರ ಪೂರ್ತಿ ನಿಜ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನೋಟಿಸ್‌ನಲ್ಲಿ ಹಾಜರಾಗಬೇಕಾದ ತಾರೀಖು ಇರುತ್ತದೆ. ಆ ದಿನದೊಳಗೆ ವಕೀಲರು ಸಿಗದಿದ್ದರೂ ನೀವೇ ಹೋಗಿ ನಿಲ್ಲಿ. ಹೆಸರು ಕೂಗಿದಾಗ "ವಕೀಲರನ್ನು ನೇಮಿಸಿಕೊಳ್ಳಲು ಸಮಯ ಬೇಕು" ಎಂದರೆ ಸಾಕು, ಸಾಮಾನ್ಯವಾಗಿ ಕೊಡುತ್ತಾರೆ. ಅರ್ಜಿಯ ಪ್ರತಿ ಬಂದಿಲ್ಲದಿದ್ದರೆ ಅಲ್ಲೇ ಕೇಳಿ ತೆಗೆದುಕೊಳ್ಳಿ. ಒಳ್ಳೆಯ ವಕೀಲರು ಸಿಗುವ ತನಕ ಕಾಯೋಣ ಎಂದು ತಾರೀಖು ತಪ್ಪಿಸಿದರೆ ಏಕಪಕ್ಷೀಯವಾಗಿ ತೀರ್ಪು ಆಗಬಹುದು. ಅದನ್ನು ರದ್ದು ಮಾಡಿಸಲು ದಾರಿ ಇದೆ. ಆದರೆ ತಡಮಾಡಿದರೆ ಕಷ್ಟ. ಮೇಲ್ಮನವಿಯ ಅವಧಿ ಮುಗಿದ ಮೇಲೆ ಅವರು ಇನ್ನೊಂದು ಮದುವೆಯಾಗಿಬಿಟ್ಟರೆ ಗೋಜಲು ಇನ್ನೂ ಜಾಸ್ತಿ. ನಿಮ್ಮ ಲಿಖಿತ ತಕರಾರು ಸಲ್ಲಿಸಲು ಸಾಮಾನ್ಯವಾಗಿ 30 ದಿನ ಸಿಗುತ್ತದೆ. ತಕ್ಕ ಕಾರಣ ತೋರಿಸಿದರೆ 90 ದಿನದವರೆಗೆ ಎಳೆಯಬಹುದು. ಅಂದರೆ ವಕೀಲರನ್ನು ಆರಿಸಲು ನಿಮಗೆ ವಾರಗಳಿವೆ, ತಿಂಗಳುಗಟ್ಟಲೆ ಇಲ್ಲ.

ಇನ್ನು ಮಡಿಕೇರಿಯವರ ವಿಷಯ. ಕೊಡಗು ಸಣ್ಣ ಜಿಲ್ಲೆ. ವಕೀಲರ ಸಂಘವೂ ಸಣ್ಣದು. ನಿಮ್ಮ ವಕೀಲರೂ ಎದುರು ವಕೀಲರೂ ಕೋರ್ಟಿನ ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿನಲ್ಲಿ ಕೂತು ನಗುತ್ತಿರುವುದನ್ನು ನೀವು ನೋಡಿಯೇ ನೋಡುತ್ತೀರಿ. ನನ್ನ ಕಕ್ಷಿದಾರರಲ್ಲಿ ಅನೇಕರು ಇದನ್ನು ಕಂಡು ಗಾಬರಿಯಾಗಿದ್ದಾರೆ. ಅದು ಮೋಸ ಅಲ್ಲ. ಎದುರು ವಕೀಲರ ಜೊತೆ ಮಾತು ಬಿಟ್ಟವರಿಗಿಂತ ಮಾತಾಡುವ ಸಂಬಂಧ ಇಟ್ಟುಕೊಂಡವರಿಂದ ಕೇಸು ಬೇಗ ದಡ ಸೇರುತ್ತದೆ ಎಂಬುದು ನನ್ನ ಅನುಭವ. ನೀವು ನಿಮ್ಮ ವಕೀಲರಿಗೆ ಹೇಳಿದ್ದನ್ನು ಅವರು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಇದು ಬರೀ ಮರ್ಯಾದೆಯ ಮಾತಲ್ಲ, ಸಾಕ್ಷ್ಯ ಕಾನೂನಿನಲ್ಲೇ ಇದೆ. ಒಂದು ಕೇಸಿನಲ್ಲಿ ಒಂದು ಕಡೆಯವರಿಗೆ ಸಲಹೆ ಕೊಟ್ಟವರು ಅದೇ ಕೇಸಿನಲ್ಲಿ ಇನ್ನೊಂದು ಕಡೆ ನಿಲ್ಲಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೂ ಇದೆ.

ಹಾಗೆಂದು ನಿಮ್ಮ ಅನುಮಾನದಲ್ಲಿ ಹುರುಳೇ ಇಲ್ಲ ಎನ್ನಲಾರೆ. ನೋಡಬೇಕಾದ್ದು ಪರಿಚಯವನ್ನಲ್ಲ, ವ್ಯವಹಾರವನ್ನು. ಗಂಡನ ಒಕ್ಕದ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಕೇಸನ್ನೋ ತೋಟದ ಗಡಿ ತಕರಾರನ್ನೋ ಅದೇ ವಕೀಲರು ನಡೆಸುತ್ತಿದ್ದರೆ ಅವರು ನಿಮ್ಮ ಕೇಸಿಗೆ ಬೇಡ. ನಿಯಮ ಅಡ್ಡ ಬರದಿದ್ದರೂ ಬೇಡ. ಅದಕ್ಕೇ ಮೊದಲ ಭೇಟಿಯಲ್ಲಿ ಕಥೆ ಶುರು ಮಾಡುವ ಮುಂಚೆ ಗಂಡನ ಹೆಸರು, ಮನೆಹೆಸರು, ಊರು ಹೇಳಿ. "ಈ ಮನೆಯವರ ಕೆಲಸ ಮಾಡಿದ್ದೀರಾ? ಇವರು ನಿಮ್ಮ ಹತ್ತಿರ ಸಲಹೆಗೆ ಬಂದಿದ್ದರಾ?" ಎಂದು ನೇರ ಕೇಳಿ. ಇದನ್ನು ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮುಂದೆ ಮಾತಾಡುವ ಅಗತ್ಯವಿಲ್ಲ. ಅಂದಹಾಗೆ ವಕೀಲರು ಮಡಿಕೇರಿಯವರೇ ಆಗಬೇಕೆಂದಿಲ್ಲ. ವಿರಾಜಪೇಟೆ, ಪೊನ್ನಂಪೇಟೆಯ ವಕೀಲರೂ ಮಡಿಕೇರಿ ಕೋರ್ಟಿಗೆ ಬರುತ್ತಾರೆ. ನಿಮಗೆ ಅವರ ಆಫೀಸೇ ಹತ್ತಿರ. ಗಂಡನ ಊರಿನ ನಂಟೂ ಅಷ್ಟು ಇರುವುದಿಲ್ಲ.

ಬೆಂಗಳೂರಿನ ದೊಡ್ಡ ವಕೀಲರ ಬಗ್ಗೆ ಚಿಕ್ಕಪ್ಪ ಹೇಳುವುದು ಪ್ರೀತಿಯಿಂದಲೇ. ಆದರೆ ವಿಚ್ಛೇದನದ ಕೇಸು ನಡೆಯುವುದು ಒಂದು ದಿನದ ದೊಡ್ಡ ವಾದದಿಂದ ಅಲ್ಲ. ವಾಯಿದೆ ಮೇಲೆ ವಾಯಿದೆ ಬರುತ್ತದೆ. ಒಂದು ದಿನ ಮಧ್ಯಂತರ ಅರ್ಜಿ, ಒಂದು ದಿನ ಮಧ್ಯಸ್ಥಿಕೆ, ಒಂದು ದಿನ ಸಾಕ್ಷಿ ಬರಲಿಲ್ಲ ಎಂದು ಮುಂದೂಡಿಕೆ. ಕಕ್ಕಡ ತಿಂಗಳ ಮಳೆಯಲ್ಲಿ ರಸ್ತೆ ಕುಸಿದ ದಿನವೂ ಪಟ್ಟಿಯಲ್ಲಿ ನಿಮ್ಮ ಕೇಸು ಇರಬಹುದು. ಇಷ್ಟಕ್ಕೆಲ್ಲ ಬೆಂಗಳೂರಿನಿಂದ ಹಿರಿಯರು ಬರುವುದಿಲ್ಲ. ಜೂನಿಯರ್ ಬರುತ್ತಾರೆ, ಇಲ್ಲವೇ ಇಲ್ಲಿಯವರೊಬ್ಬರಿಗೆ ಒಪ್ಪಿಸುತ್ತಾರೆ. ಆಗ ನೀವು ಹೆಸರಿಗೆ ಒಬ್ಬರಿಗೆ, ಕೆಲಸಕ್ಕೆ ಇನ್ನೊಬ್ಬರಿಗೆ ದುಡ್ಡು ಕೊಟ್ಟಂತೆ. ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಬೆಂಗಳೂರಿನವರು ಬೇಕೇ ಬೇಕು, ಅದು ಬೇರೆ. ಯಾರನ್ನೇ ನೇಮಿಸಿ, ಈ ಒಂದು ಪ್ರಶ್ನೆಯನ್ನು ಮಾತ್ರ ಬಿಡಬೇಡಿ: "ನನ್ನ ಗಂಡನ ಪಾಟಿ ಸವಾಲಿಗೆ ನೀವೇ ನಿಲ್ಲುತ್ತೀರಾ?" ಪಾಟಿ ಸವಾಲು ಎಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು. ತಕರಾರಿನ ಕೇಸು ಗೆಲ್ಲುವುದು ಸೋಲುವುದು ಬಹಳ ಸಲ ಆ ಒಂದೆರಡು ದಿನಗಳಲ್ಲಿ.

ವಕೀಲರ ಆಯ್ಕೆ ಇಷ್ಟು ಮುಖ್ಯ ಆಗುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ನೀವು ಹಿಂದೂ ವಿವಾಹ ಕಾಯ್ದೆ, 1955 ಅನ್ವಯವಾಗುವವರು ಎಂದುಕೊಂಡು ಬರೆಯುತ್ತಿದ್ದೇನೆ. ಕೊಡವರಿಗೂ ಅರೆಭಾಷೆ ಗೌಡರಿಗೂ ಅದೇ ಕಾಯ್ದೆ. ಕ್ರೈಸ್ತರಿಗೆ, ಮುಸ್ಲಿಮರಿಗೆ, ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ ಬೇರೆ ಕಾನೂನು. ಎರವ, ಜೇನುಕುರುಬರಂಥ ಪರಿಶಿಷ್ಟ ಪಂಗಡಗಳ ಲೆಕ್ಕವೇ ಬೇರೆ. "ಇಬ್ಬರಿಗೂ ಒಟ್ಟಿಗೆ ಬಾಳಲು ಆಗಲ್ಲ ಅಂದರೆ ಕೋರ್ಟು ಕೊಟ್ಟೇ ಕೊಡುತ್ತೆ" ಎಂದು ಜನ ತಿಳಿದಿದ್ದಾರೆ. ಇಬ್ಬರೂ ಒಪ್ಪಿ ಕೇಳಿದರೆ ಸರಿ. ಒಬ್ಬರು ಒಪ್ಪದಿದ್ದಾಗ ಕ್ರೌರ್ಯ, ತೊರೆದು ಹೋಗುವಿಕೆ, ವ್ಯಭಿಚಾರ ಮುಂತಾಗಿ ಕಾಯ್ದೆ ಹೇಳಿದ ಕಾರಣವನ್ನೇ ಸಾಬೀತು ಮಾಡಬೇಕು. ಮುರಿದುಬಿದ್ದ ಮದುವೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ವಿಶೇಷ ಅಧಿಕಾರ ತನಗಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಅದು ಸುಪ್ರೀಂ ಕೋರ್ಟಿನ ಅಧಿಕಾರ, ಮಡಿಕೇರಿ ಕೋರ್ಟಿಗೆ ಅದಿಲ್ಲ.

ಈಗ ನಿಮ್ಮ ಗಂಡನ ಅರ್ಜಿ ನೋಡಿ. ತೊರೆದು ಹೋದಳು ಎಂಬ ಕಾರಣಕ್ಕೆ ವಿಚ್ಛೇದನ ಕೇಳಬೇಕಾದರೆ, ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ಬಿಡದೆ ತೊರೆದಿರಬೇಕು. ನೀವು ಬಂದು 14 ತಿಂಗಳು. ಅಂದಮೇಲೆ ಆ ಕಾರಣ ಈ ಅರ್ಜಿಯಲ್ಲಿ ನಿಲ್ಲುವುದು ಕಷ್ಟ. ಉಳಿಯುವುದು ಕ್ರೌರ್ಯದ ಆರೋಪ. ಅದನ್ನು ಅವರು ಘಟನೆ, ದಿನಾಂಕ, ಸಾಕ್ಷಿ ಸಮೇತ ತೋರಿಸಬೇಕು. ಅವರು ಈ ಅರ್ಜಿ ವಾಪಸ್ ಪಡೆದು ಎರಡು ವರ್ಷ ತುಂಬಿದ ಮೇಲೆ ಮತ್ತೆ ಹಾಕಲು ನೋಡಬಹುದು, ಅದೂ ನಿಮಗೆ ಗೊತ್ತಿರಲಿ. ನಾನು ಇದನ್ನು ಬರೆಯುತ್ತಿರುವುದು ನಿಮಗೆ ಧೈರ್ಯ ಹೇಳಲು ಮಾತ್ರವಲ್ಲ. ವಕೀಲರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು. ಮದುವೆ ಯಾವಾಗ ಆಯಿತು, ಕೊನೆಯ ಬಾರಿ ಒಟ್ಟಿಗೆ ಎಲ್ಲಿದ್ದಿರಿ, ಯಾವ ದಿನ ಮನೆ ಬಿಟ್ಟಿರಿ, ಏಕೆ ಬಿಟ್ಟಿರಿ, ಆಮೇಲೆ ಮೆಸೇಜ್ ಏನು ಬಂತು ಎಂದು ಕೇಳಿ, ಅರ್ಜಿಯನ್ನು ನಿಮ್ಮೆದುರೇ ಓದಿ, ಈ 14 ತಿಂಗಳ ಸಂಗತಿಯನ್ನು ತಾವಾಗಿಯೇ ಎತ್ತಿದರೆ ಅವರಿಗೆ ಕೆಲಸ ಗೊತ್ತು. ಅರ್ಜಿಯ ಪುಟ ತಿರುವದೆ "ಬಿಡಿ, ನಾನು ನೋಡಿಕೊಳ್ಳುತ್ತೇನೆ" ಎಂದರೆ ಅವರು ಎಷ್ಟೇ ಹಿರಿಯರಿರಲಿ, ಇನ್ನೊಬ್ಬರನ್ನು ನೋಡಿ.

ಇನ್ನೊಂದು ಪರೀಕ್ಷೆ ಇದೆ. ನೀವು ಬರೀ ತಡೆಯುವ ಕಡೆಯವರಲ್ಲ. ನಿಮ್ಮ ಮೇಲೆ ಕ್ರೌರ್ಯ ನಡೆದಿದ್ದರೆ ಅದೇ ಕೇಸಿನಲ್ಲಿ ಪ್ರತಿ ಹಕ್ಕು ಕೇಳಿ ನೀವೂ ವಿಚ್ಛೇದನ ಬೇಡಬಹುದು. ಹಿಂದೂ ವಿವಾಹ ಕಾಯ್ದೆಯ 23ಎ ಕಲಂ ಅದಕ್ಕೇ ಇರುವುದು. ಬೇರೆಯಾಗಲು ಸಿದ್ಧ, ಆದರೆ ಸುಳ್ಳು ಒಪ್ಪಲ್ಲ ಎನ್ನುವ ನಿಮ್ಮಂಥವರಿಗೆ ಹೇಳಿ ಮಾಡಿಸಿದ ದಾರಿ ಅದು. ನೀವು ಸಲಹೆ ಕೇಳುವ ವಕೀಲರ ಬಾಯಲ್ಲಿ ಇದು ಬರುತ್ತದೋ ನೋಡಿ.

ಕೊಡಗಿನ ಕೇಸುಗಳಲ್ಲಿ ನಿಜವಾದ ಜಗ್ಗಾಟ ತೋಟದ್ದು. "ಡೈವೋರ್ಸ್ ಆದರೆ ಅರ್ಧ ತೋಟ ಹೆಂಡತಿಗೆ" ಎನ್ನುವುದು ಸುಳ್ಳು. ಗಂಡನ ಆಸ್ತಿಯನ್ನು ವಿಚ್ಛೇದನದಲ್ಲಿ ಪಾಲು ಮಾಡುವ ಕಾನೂನು ನಮ್ಮಲ್ಲಿಲ್ಲ. ಜಮ್ಮಾ ತೋಟವಾದರೆ ದಾಖಲೆ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರಿನಲ್ಲಿ, ಒಕ್ಕದವರ ಹೆಸರಿನಲ್ಲಿ ಇರುತ್ತದೆ. "ನನ್ನ ಹೆಸರಲ್ಲಿ ಏನೂ ಇಲ್ಲ ಸ್ವಾಮಿ" ಎಂಬ ಮಾತು ಅಲ್ಲಿಂದಲೇ ಹುಟ್ಟುವುದು. ಅದರ ಜೊತೆಗೆ, ಬೆಳೆದ ಕಾಫಿಯನ್ನು ಕಾಯಿಯಾಗಿ ಒಣಗಿಸಿ ಹಾಗೇ ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಹಾಗಾಗಿ ತೆರಿಗೆ ಕಾಗದ ನೋಡಿದರೆ ಎಂಥ ತೋಟದ ಮಾಲೀಕನೂ ಬಡವನೇ.

ಆದರೆ ಜೀವನಾಂಶಕ್ಕೆ ಬೇಕಾದ್ದು ಹೆಸರಲ್ಲಿರುವ ಆಸ್ತಿ ಮಾತ್ರ ಅಲ್ಲ. ಕೈಗೆ ಬರುವ ಆದಾಯ ಎಷ್ಟು, ಹೇಗೆ ಬಾಳುತ್ತಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡೂ ಕಡೆಯವರು ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪಿನಲ್ಲಿ ಕೃಷಿಕರಿಗೆಂದೇ ಬೇರೆ ನಮೂನೆ ಇದೆ. ನೌಕರಿ ಮಾಡುವವರ ನಮೂನೆಯನ್ನು ಗಂಡನಿಂದ ತುಂಬಿಸಿ ಸುಮ್ಮನಾದರೆ ತೋಟದ ಲೆಕ್ಕ ಹೊರಗೇ ಉಳಿಯುತ್ತದೆ. ನಿಮ್ಮ ವಕೀಲರು ಪಹಣಿ ತೆಗೆಸುತ್ತಾರಾ, ಕಾಫಿ ಮತ್ತು ಕಾಳುಮೆಣಸು ಮಾರಿದ ಬಿಲ್ಲುಗಳನ್ನು ಹುಡುಕುತ್ತಾರಾ, ಬೆಳೆ ಸಾಲದ ಕಾಗದವನ್ನು ಬ್ಯಾಂಕಿನಿಂದ ತರಿಸಲು ಅರ್ಜಿ ಹಾಕುತ್ತಾರಾ ಎಂದು ಕೇಳಿ. ಈ ಕೊನೆಯದು ನನ್ನ ಇಷ್ಟದ ದಾಖಲೆ. ಸಾಲ ಕೇಳುವಾಗ ಬ್ಯಾಂಕಿಗೆ ಹೇಳಿದ ತೋಟದ ಆದಾಯ ಒಂದು, ಜೀವನಾಂಶ ಕೊಡುವಾಗ ಕೋರ್ಟಿಗೆ ಹೇಳುವ ಆದಾಯ ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ಪಾಟಿ ಸವಾಲು ಮಾಡಿದಾಗ ಉತ್ತರ ಹುಡುಕುವುದು ಅವರಿಗೆ ಸುಲಭ ಅಲ್ಲ. ಜಮೀನಿನ ಕಾಗದ ಓದಲು ಬರುವ ಸ್ಥಳೀಯ ವಕೀಲರು ಇಲ್ಲಿ ಬೆಂಗಳೂರಿನವರಿಗಿಂತ ಒಂದು ಹೆಜ್ಜೆ ಮುಂದೆ.

ಟೀಚರ್ ಸಂಬಳ ಇದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಜೀವನಾಂಶದ ಹಕ್ಕು ಹೋಗುವುದಿಲ್ಲ. ಎಷ್ಟು ಎಂಬುದರಲ್ಲಿ ಲೆಕ್ಕಕ್ಕೆ ಬರುತ್ತದೆ ಅಷ್ಟೇ. ಕೇಸು ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು, ಮಗಳ ಖರ್ಚು ಸೇರಿಸಿ. ವಕೀಲರ ಖರ್ಚನ್ನೂ ಗಂಡನಿಂದ ಕೇಳಬಹುದು. ಅದಕ್ಕೆ ಆದಷ್ಟು 60 ದಿನದಲ್ಲಿ ಆದೇಶ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆಗುವುದು ಅಪರೂಪ, ಆದರೂ ಅರ್ಜಿ ಹಾಕಿದ ದಿನದಿಂದ ಲೆಕ್ಕ ಸಿಗುವುದರಿಂದ ತಡ ಮಾಡದೆ ಹಾಕಿಸಿ. ಮದುವೆಯಲ್ಲಿ ನಿಮಗೆ ಕೊಟ್ಟ ಒಡವೆ ನಿಮ್ಮದೇ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿದ್ದರೆ ಮದುವೆ ಫೋಟೋಗಳನ್ನೂ ಅಂಗಡಿಯ ಬಿಲ್ಲುಗಳನ್ನೂ ಈಗಲೇ ಒಟ್ಟು ಮಾಡಿ.

ಶೇ. 20 ಕೇಳಿದವರ ಬಗ್ಗೆ ಜಾಸ್ತಿ ಯೋಚಿಸಬೇಡಿ, ಬಿಟ್ಟುಬಿಡಿ. ಫಲಿತಾಂಶಕ್ಕೆ ಕಟ್ಟಿದ ಫೀಸು, ಬರುವ ಹಣದಲ್ಲಿ ಪಾಲು ಎರಡನ್ನೂ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವುದಕ್ಕೂ ಅನುಮತಿ ಇಲ್ಲ. ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸುತ್ತಾರೆ ಎಂಬಷ್ಟನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬಹುದು. "ನಂಬರ್ ಒನ್ ಡೈವೋರ್ಸ್ ಲಾಯರ್, ಗ್ಯಾರಂಟಿ" ಎಂದು ಬರೆದುಕೊಂಡವರು ಮೊದಲ ಸಾಲಿನಲ್ಲೇ ನಿಯಮ ಮುರಿದಿದ್ದಾರೆ, ಅಲ್ವಾ? ಇನ್ನು ಆರು ತಿಂಗಳು. ನೋಟಿಸ್ ಜಾರಿಯಾದ ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿ ಬರೆದಿರುವುದು ನಿಜ. ತಕರಾರಿನ ಕೇಸಿಗೆ ವರ್ಷಗಳೇ ಹಿಡಿಯುತ್ತವೆ ಎಂಬುದು ವಾಸ್ತವ. ಅವಧಿಗೆ ಗ್ಯಾರಂಟಿ ಕೊಡುವವರು ತಮ್ಮ ಕೈಯಲ್ಲಿಲ್ಲದ್ದನ್ನು ಮಾರುತ್ತಿದ್ದಾರೆ.

ಫೀಸಿಗೆ ಒಂದೇ ದರ ಅಂತ ಇಲ್ಲ. ಕೆಲವರು ಒಟ್ಟು ಮೊತ್ತ ಹೇಳುತ್ತಾರೆ, ಕೆಲವರು ವಾಯಿದೆಗಿಷ್ಟು ಎನ್ನುತ್ತಾರೆ. ವಾಯಿದೆ ಲೆಕ್ಕ ನೋಡಲು ಅಗ್ಗ, ಆದರೆ ಮುಂದೂಡಿಕೆಗೂ ನೀವೇ ದುಡ್ಡು ಕೊಡುತ್ತೀರಿ. ನನ್ನ ಸಲಹೆ ಹಂತದ ಲೆಕ್ಕ. ತಕರಾರು ಮತ್ತು ಮಧ್ಯಂತರ ಅರ್ಜಿ ಸಲ್ಲಿಸಿದಾಗ ಇಷ್ಟು, ಸಾಕ್ಷ್ಯ ಶುರುವಾದಾಗ ಇಷ್ಟು, ವಾದ ಮುಗಿದಾಗ ಉಳಿದದ್ದು. ಇದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ರಸೀದಿ ಕೇಳಿ, ಆದಷ್ಟು ಬ್ಯಾಂಕಿನ ಮೂಲಕ ಕೊಡಿ. ವಕಾಲತ್ತಿಗೆ ಸಹಿ ಹಾಕಿ, ಖಾಲಿ ಹಾಳೆಗೆ ಯಾವತ್ತೂ ಬೇಡ.

ಉಚಿತ ವಕೀಲರ ಬಗ್ಗೆ ಕೇಳಿದ್ದು ಅರ್ಧ ಸತ್ಯ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳ ಬರುವ ಟೀಚರಿಗೂ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಸಹಾಯವಾಣಿ 15100. ಪಟ್ಟಿಯಲ್ಲಿ ಶ್ರದ್ಧೆಯಿಂದ ಕೆಲಸ ಮಾಡುವವರೂ ಇದ್ದಾರೆ, ಬರೀ ಹಾಜರಿ ಹಾಕುವವರೂ ಇದ್ದಾರೆ, ದುಡ್ಡು ಕೊಟ್ಟು ನೇಮಿಸುವ ವಕೀಲರಲ್ಲಿ ಇರುವ ಹಾಗೆಯೇ. ಕೊಟ್ಟವರು ಸರಿಯಿಲ್ಲ ಅನಿಸಿದರೆ ಕಾರಣ ಬರೆದು ಬದಲಾವಣೆ ಕೇಳಬಹುದು. ಅವರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ, ಕೇಳಿದರೆ ಪ್ರಾಧಿಕಾರಕ್ಕೆ ತಿಳಿಸಿ. ನಿಮ್ಮಷ್ಟು ಕಾಗದಪತ್ರ ಇರುವ ತೋಟದ ಕೇಸಿಗೆ, ಶಕ್ತಿ ಇದ್ದರೆ, ಸ್ವಂತ ವಕೀಲರೇ ವಾಸಿ ಎಂದು ನನಗನಿಸುತ್ತದೆ. ಶಕ್ತಿ ಇಲ್ಲದಿದ್ದರೆ ಸಾಲ ಮಾಡಬೇಡಿ, ಪ್ರಾಧಿಕಾರಕ್ಕೆ ಹೋಗಿ.

ಯಾರ ಬಗ್ಗೆಯಾದರೂ ಮನೆಯಲ್ಲೇ ಕೂತು ಸ್ವಲ್ಪ ತಿಳಿಯಬೇಕಾ? ಇ-ಕೋರ್ಟ್ಸ್ ತಾಣದಲ್ಲಿ ಕೊಡಗು ಜಿಲ್ಲೆ ಆರಿಸಿ ವಕೀಲರ ಹೆಸರು ಹಾಕಿ ಹುಡುಕಬಹುದು. ಕುಟುಂಬದ ಕೇಸು ನಡೆಸುತ್ತಾರಾ, ಬರೀ ಚೆಕ್ ಬೌನ್ಸ್, ಅಪಘಾತದ ಕೇಸುಗಳಾ ಎಂಬ ಅಂದಾಜು ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ, ಒಂದು ದಿನ ರಜೆ ಹಾಕಿ ಕೋರ್ಟಿಗೆ ಹೋಗಿ ಕೂರುವುದು. ಕುಟುಂಬದ ಕೇಸಿನ ವಿಚಾರಣೆ ಕೆಲವೊಮ್ಮೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಬೇರೆ ಸಿವಿಲ್ ಕೇಸು ನೋಡಿದರೂ ಸಾಕು. ಯಾರು ಸಿದ್ಧರಾಗಿ ಬರುತ್ತಾರೆ, ಯಾರು ಎದ್ದ ಕೂಡಲೇ ಸಮಯ ಕೇಳುತ್ತಾರೆ ಎಂದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ.

ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಆದರೆ ಛಾಪಾ ಕಾಗದದಿಂದ ಮದುವೆ ಮುರಿಯುವುದಿಲ್ಲ. ರೂಢಿಯ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಜಾಗ ಇದೆ ನಿಜ, ಅಂಥ ರೂಢಿ ನಿಮ್ಮ ಸಮುದಾಯದಲ್ಲಿ ಉಂಟು ಎಂದು ಸಾಬೀತು ಮಾಡುವ ಹೊರೆ ಮಾತ್ರ ನಿಮ್ಮ ತಲೆಗೆ. ಆ ಕಾಗದ ನಂಬಿ ಒಬ್ಬರು ಮರುಮದುವೆಯಾದರೆ ಅದು ಊರ್ಜಿತವಾಗದೆ ಹೋಗಬಹುದು. ಹಿರಿಯರೂ ಅರುವರೂ (ಮದುವೆಯಲ್ಲಿ ಮನೆತನದ ಪರ ಮಾತಾಡುವವರು) ಕೂತು ಮೊತ್ತ, ಮಗಳ ಓದು, ಒಡವೆ ಎಲ್ಲ ತೀರ್ಮಾನ ಮಾಡಲಿ. ಅದನ್ನು ಇದೇ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿಯಾಗಿ ಬದಲಿಸಬಹುದು. ಒಂದು ವರ್ಷ ಬೇರೆ ಇರಬೇಕೆಂಬ ಷರತ್ತು ನಿಮ್ಮದು ಆಗಲೇ ಪೂರೈಸಿದೆ. ನಡುವಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದರಲ್ಲೂ ಅಪಾಯ ಒಂದಿದೆ: "ಮುಂದೆ ಏನೂ ಕೇಳುವುದಿಲ್ಲ" ಎಂಬ ಸಾಲಿಗೆ ದುಡ್ಡು ಕೈಗೆ ಬರುವ ಮುಂಚೆ ಸಹಿ ಹಾಕುವುದು. ಮೊತ್ತ ಡಿಡಿಯಾಗಿ ಕೋರ್ಟಿನಲ್ಲೇ ಕೈಸೇರುವ ಹಾಗೆ ಬರೆಸಿ.

ಮೊದಲ ದಿನವೇ "ಗಂಡನ ಮೇಲೆ ಕ್ರಿಮಿನಲ್ ಕೇಸು ಜಡಿದುಬಿಡೋಣ, ತಾನಾಗೇ ದಾರಿಗೆ ಬರುತ್ತಾನೆ" ಎನ್ನುವ ವಕೀಲರೂ ನಿಮಗೆ ಸಿಗುತ್ತಾರೆ. ಹೊಡೆತ, ಹಿಂಸೆ ನಿಜವಾಗಿ ನಡೆದಿದ್ದರೆ ದೂರು ಕೊಡಲು ಹಿಂಜರಿಯಬೇಡಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರಲ್ಲಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಎಲ್ಲ ಇದೆ. ನಡೆಯದ್ದನ್ನು ಒತ್ತಡಕ್ಕಾಗಿ ಬರೆಸಿದರೆ ಅದೇ ಮುಂದೆ ಗಂಡನ ಪರವಾದ ಕ್ರೌರ್ಯದ ಸಾಕ್ಷಿಯಾಗುತ್ತದೆ. ಈಗ ದುರ್ಬಲವಾಗಿರುವ ಅವರ ಕೇಸಿಗೆ ನೀವೇ ಬಲ ತುಂಬಿದ ಹಾಗೆ.

ಕೊನೆಯದಾಗಿ, ನೇಮಿಸಿದ ವಕೀಲರು ಸರಿಹೋಗದಿದ್ದರೆ ಬದಲಿಸಬಹುದು. ಹಳೆಯವರಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ಪಡೆಯುವುದು ರೂಢಿ. ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ನಿಮ್ಮ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ತೀರ್ಪು ಕೊಟ್ಟಿದೆ. ನಡತೆಯೇ ಕೆಟ್ಟದಾಗಿದ್ದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಪಾಟಿ ಸವಾಲು ಅರ್ಧ ನಡೆದಿರುವಾಗ ಮಾತ್ರ ಬದಲಿಸಲು ಹೋಗಬೇಡಿ. ಹೊಸಬರು ಕೇಸು ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಸಾಕ್ಷಿ ಮನೆ ಸೇರಿರುತ್ತಾರೆ. ಬದಲಿಸುವುದಿದ್ದರೆ ತಕರಾರು ಸಲ್ಲಿಸುವ ಮುಂಚೆ, ಅಥವಾ ಸಾಕ್ಷ್ಯ ಶುರುವಾಗುವ ಮುಂಚೆ ಬದಲಿಸಿ. ಮೂಲ ಕಾಗದಗಳನ್ನು ಮಾತ್ರ ಮೊದಲಿನಿಂದಲೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ವಕೀಲರಿಗೆ ಜೆರಾಕ್ಸ್ ಕೊಡಿ, ಕೋರ್ಟಿಗೆ ಹಾಜರುಪಡಿಸುವ ದಿನ ಮೂಲ ಒಯ್ಯಿರಿ.